ಗೇಣುದ್ದವೂ ಇಲ್ಲ, ವಯಸ್ಸು ಏಳು

ಮಾರ್ಚ್ ತಿಂಗಳ ಒಂದು ಶನಿವಾರ. ಮೈನಸ್ ಆರು ಡಿಗ್ರಿ ಚಳಿ, ಬಿಸಿಲು ಮಾತ್ರ ಕಣ್ಣು ಬಿಡಲಾಗದಷ್ಟು. ಹೆಪ್ಪುಗಟ್ಟಿದ ಕೆರೆಯ ನಡುವೆ ಮಡಚುವ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಕಾಲುಗಳ ಮಧ್ಯೆ ಮಂಜುಗಡ್ಡೆಯಲ್ಲಿ ಕೊರೆದ ಒಂದು ತೂತು, ಕೈಯಲ್ಲಿ ಮಕ್ಕಳ ಆಟಿಕೆಯಂಥ ಪುಟಾಣಿ ಗಾಳ. ಒಂದು ಗಂಟೆಯಲ್ಲಿ ಇಪ್ಪತ್ತಮೂರು ಮೀನು ಬಿದ್ದವು. ಹಾಗಂತ ಹೆಮ್ಮೆ ಪಡುವಂಥದ್ದೇನೂ ಇಲ್ಲ, ಇಪ್ಪತ್ತಮೂರೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ ಅಷ್ಟೆ. ಪಾಪ, ಮರಿಗಳು, ಬೆಳೆಯಲಿ ಅಂತ ಒಂದೊಂದನ್ನೂ ಬಿಡಿಸಿ ತೂತಿನೊಳಗೆ ಬಿಡುತ್ತಿದ್ದೆ.

ಹತ್ತು ಹೆಜ್ಜೆ ಆಚೆ ಇನ್ನೊಂದು ತೂತಿನ ಮುಂದೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಅಜ್ಜ. ಅವರಿಗೂ ಅಂಥವೇ ಬೀಳುತ್ತಿದ್ದವು, ಆದರೆ ಅವರು ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲ ಬಕೆಟ್ಟಿಗೆ. ನನಗೆ ಒಳಗೊಳಗೇ ಸಿಟ್ಟು ಬಂತು. ಕೊನೆಗೆ ತಡೆಯಲಾರದೆ ನನ್ನ ಹರುಕು ಮುರುಕು ಫಿನ್ನಿಶ್‌ನಲ್ಲಿ ಕೇಳಿಯೇ ಬಿಟ್ಟೆ, ಮರಿಗಳನ್ನ ಯಾಕೆ ತಗೊಳ್ತೀರಿ ಅಂತ. (ಇಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಅಂತಲೇ ಮಾತಾಡುವುದು. ಎಪ್ಪತ್ತು ದಾಟಿದವರಿಗೆ ಹಾಗೆ ಕರೆಯಲು ನನ್ನ ನಾಲಿಗೆ ಇನ್ನೂ ಏಳುವುದಿಲ್ಲ, ಆದ್ದರಿಂದ ಈ ಬರಹದಲ್ಲಾದರೂ ಅವರಿಗೆ ‘ನೀವು’.) ಅಜ್ಜ ಥರ್ಮಾಸ್‌ನಿಂದ ಕಾಫಿ ಬಗ್ಗಿಸಿಕೊಂಡು, ಅವಸರವೇ ಇಲ್ಲದೆ, “ಮರಿ ಅಂತ ನಿನಗೆ ಯಾರು ಹೇಳಿದ್ದು?” ಅಂದರು.

ಅವತ್ತು ಸಂಜೆ ಅವರ ಅಡುಗೆಮನೆಯಲ್ಲಿ ಒಂದು ಮೀನಿನ ತಲೆಗೆ ಕುದಿಯುವ ನೀರು ಹೊಯ್ದು, ಕಿವಿರಿನ ಮೇಲೆ ಮುಚ್ಚಳದ ಹಾಗೆ ಇರುತ್ತದಲ್ಲ, ಆ ಚಪ್ಪಟೆ ಮೂಳೆಯನ್ನು ಬಿಡಿಸಿ, ತಿಕ್ಕಿ ತೊಳೆದು, ಒಣಗಿಸಿ, ಟೇಬಲ್ ಲ್ಯಾಂಪಿನ ಬೆಳಕಿಗೆ ಹಿಡಿದು ತೋರಿಸಿದರು. ಮರದ ಕಾಂಡದಲ್ಲಿ ಇರುವಂಥದ್ದೇ ಉಂಗುರಗಳು. ಬೇಸಿಗೆಯಲ್ಲಿ ಬೆಳೆದದ್ದು ಅಗಲ ಪಟ್ಟಿ, ಚಳಿಗಾಲದಲ್ಲಿ ನಿಂತದ್ದು ತೆಳು ಗೆರೆ. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಏಳು. ಮೀನಿನ ಉದ್ದ ಹದಿಮೂರು ಸೆಂಟಿಮೀಟರ್. ನನ್ನ ಮಗಳಿಗೂ ಏಳು, ಇಲ್ಲಿ ಶಾಲೆಗೆ ಸೇರಿಸುವ ವಯಸ್ಸು. ನಾನು ‘ಮರಿ’ ಅಂತ ಮರುಗಿ ನೀರಿಗೆ ಬಿಟ್ಟಿದ್ದು, ಆಗಲೇ ಹಲವು ಸಲ ಮೊಟ್ಟೆ ಇಟ್ಟಿರುವ ಗೃಹಸ್ಥರನ್ನು.

ಆ ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪಯ್ಯನಿಗೆ ಆ ಮೂಳೆ ತೋರಿಸಿದೆ. “ಏಳು ವರ್ಷದ್ದಾ? ಗೇಣುದ್ದನೂ ಇಲ್ಲ! ಸುಮ್ನಿರೋ ಮಾರಾಯ” ಅಂದರು. ನಂಬಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮೂರಿನ ಕೆರೆಗೆ ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ ಮರಿ ಮುಂದಿನ ವರ್ಷ ಎರಡು ಕೈಯಲ್ಲಿ ಎತ್ತುವಷ್ಟಾಗುತ್ತದೆ. ಅವರು ನಂಬುವುದಾದರೂ ಹೇಗೆ?

ಅಲ್ಲಿಂದ ಶುರುವಾದ ಹುಚ್ಚು ಇದು. ಕೆರೆಯ ಹೆಸರು ಹೇಳುವುದಿಲ್ಲ, ಗಾಳ ಹಾಕುವವರು ಯಾರೂ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೆಲ್ಸಿಂಕಿಯ ಪಕ್ಕದ ಎಸ್ಪೂ ಊರಿನಿಂದ ಬಸ್ಸಿನಲ್ಲಿ ಹೋಗಿ ಇಳಿದು, ಸ್ಪ್ರೂಸ್ ಮತ್ತು ಪೈನ್ ಮರಗಳ ಕಾಡಿನೊಳಗೆ ನಲವತ್ತು ನಿಮಿಷ ನಡೆದರೆ ಸಿಗುತ್ತದೆ. ಮೂರು ಹೆಕ್ಟೇರ್ ಇರಬಹುದು, ನಮ್ಮ ಲೆಕ್ಕದಲ್ಲಿ ಏಳೂವರೆ ಎಕರೆ. ಇಂಥ ಪುಟ್ಟ ಕಾಡುಕೆರೆಗೆ ಇಲ್ಲಿನವರು ‘ಲಂಪಿ’ ಅನ್ನುತ್ತಾರೆ. ಫಿನ್ಲೆಂಡ್‌ನಲ್ಲಿ ಐದು ಗುಂಟೆಗಿಂತ ದೊಡ್ಡ ನೀರನ್ನೆಲ್ಲ ಎಣಿಸಿದರೆ 1,88,000 ಕೆರೆಗಳಾಗುತ್ತವೆ. ಒಂದು ಹೆಕ್ಟೇರ್ ದಾಟಿದವು ಅದರಲ್ಲಿ 56,000 ಅಷ್ಟೆ. ಅಂದರೆ ಈ ದೇಶದ ಹೆಚ್ಚಿನ ಕೆರೆಗಳು ಪ್ರವಾಸಿ ಪೋಸ್ಟರಿನ ನೀಲಿ ಸಾಗರಗಳಲ್ಲ, ಕಾಡಿನ ಮಧ್ಯದ ಇಂಥ ಹೊಂಡಗಳು.

ನೀರಿನ ಬಣ್ಣ ನೀಲಿಯಲ್ಲ. ಡಿಕಾಕ್ಷನ್ನಿಗೆ ಎರಡು ಪಟ್ಟು ನೀರು ಬೆರೆಸಿದ ಹಾಗೆ ಕಂದು. ಸುತ್ತಲಿನ ಜೌಗು ನೆಲದಿಂದ, ಕೊಳೆತ ಪಾಚಿ ಸೊಪ್ಪಿನಿಂದ ಸೋರಿ ಬಂದದ್ದು. ಕೊಳೆ ಅಲ್ಲ, ಆದರೆ ಬೆಳಕನ್ನು ಕುಡಿದುಬಿಡುತ್ತದೆ. ಒಂದೆರಡು ಮೀಟರ್ ಕೆಳಗೆ ಕತ್ತಲೆ. ಅದರಿಂದಾಗಿ ಬೇಸಿಗೆಯಲ್ಲಿ ಮೇಲಿನ ಎರಡು ಮೂರು ಮೀಟರ್ ನೀರು ಮಾತ್ರ ಬಿಸಿಯಾಗುತ್ತದೆ, ಅದರ ಕೆಳಗೆ ಫ್ರಿಜ್ಜಿನಷ್ಟು ತಣ್ಣಗಿನ ನೀರು ಒಂದಕ್ಕೊಂದು ಬೆರೆಯದೆ ಹಾಗೇ ಮಲಗಿರುತ್ತದೆ. ಕಾಡಿನ ಮರೆಯಲ್ಲಿ ಇರುವುದರಿಂದ ಗಾಳಿಯೂ ಕಲಕುವುದಿಲ್ಲ. ತಳದಲ್ಲಿ ಕೊಳೆಯುವುದು ನಡೆದೇ ಇರುತ್ತದೆ, ಅಲ್ಲಿದ್ದ ಆಮ್ಲಜನಕ ಖರ್ಚಾಗಿ ಹೋಗುತ್ತದೆ, ಹೊಸದು ಕೆಳಗೆ ಇಳಿಯುವುದಿಲ್ಲ. ಕೆರೆ ಆರು ಮೀಟರ್ ಆಳ ಇದೆ ಅಂತ ಲೆಕ್ಕ ಹಾಕಿದರೆ ಮೀನಿಗೆ ಬದುಕಲು ಸಿಗುವುದು ಮೇಲಿನ ಅಟ್ಟ ಮಾತ್ರ. ನೆಲಮಹಡಿಗೆ ಬೀಗ.

ಇದು ಬರೀ ನನ್ನ ಊಹೆಯಲ್ಲ. ದಕ್ಷಿಣ ಫಿನ್ಲೆಂಡ್‌ನ ಎವೊ ಕಾಡಿನಲ್ಲಿ ವಾಲ್ಕೆಯ ಕೊತಿನೆನ್ ಅಂತ ಒಂದು ಕೆರೆ ಇದೆ, ನಾಲ್ಕು ಹೆಕ್ಟೇರ್, ಅತಿ ಹೆಚ್ಚು ಆಳ ಆರೂವರೆ ಮೀಟರ್. ಹಳೆಯ ಕಾಡು, ಕೊಡಲಿ ತಾಗದ್ದು. 1990ರ ಆಸುಪಾಸಿನಿಂದ ವಿಜ್ಞಾನಿಗಳು ಅದರ ನೀರು, ಪಾಚಿ, ಮೀನು ಎಲ್ಲವನ್ನೂ ವರ್ಷ ವರ್ಷ ಅಳೆಯುತ್ತಾ ಬಂದಿದ್ದಾರೆ. ‘ವಾಲ್ಕೆಯ’ ಅಂದರೆ ಬಿಳಿ ಅಂತ ಅರ್ಥ. ಹೆಸರು ಬಿಳಿ, ನೀರು ಕಂದು, ಅದೂ ವರ್ಷದಿಂದ ವರ್ಷಕ್ಕೆ ಗಾಢವಾಗುತ್ತಿರುವ ಕಂದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಲ್ಲಿ ಯಾರ್ಯಾರು ಇದ್ದಾರೆ ಹೇಳಿಬಿಡುತ್ತೇನೆ. ನಮ್ಮ ಲಂಪಿಯಲ್ಲಿ ಮುಖ್ಯವಾಗಿ ಇಬ್ಬರು. ಒಂದು ‘ಅಹ್ವೆನ್’ (ಇಂಗ್ಲಿಷಿನಲ್ಲಿ ಪರ್ಚ್), ಹಸಿರು ಮೈಗೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಬೆನ್ನಮೇಲೆ ಮುಳ್ಳು. ನೋಡಲು ಬಹಳ ಚೆಂದ, ಹುರುಪೆ ತೆಗೆಯಲು ಮಾತ್ರ ಶತ್ರುವಿಗೂ ಬೇಡ. ಇನ್ನೊಂದು ‘ಹೌಕಿ’, ಬಾತುಕೋಳಿ ಮೂತಿಯ ಉದ್ದನೆಯ ಬೇಟೆಗಾರ, ಹುಲ್ಲಿನ ಮರೆಯಲ್ಲಿ ಅಲ್ಲಾಡದೆ ನಿಂತಿದ್ದು ಬಾಣದ ಹಾಗೆ ನುಗ್ಗುವವನು. ಮಂಜುಗಡ್ಡೆ ಕರಗುತ್ತಿದ್ದ ಹಾಗೇ ಹೌಕಿಗಳು ಹಿಮದ ನೀರು ತುಂಬಿದ ದಡದ ಹುಲ್ಲಿಗೆ, ಮೊಣಕಾಲು ಮುಳುಗದ ನೀರಿಗೆ ನುಗ್ಗಿ ಮೊಟ್ಟೆ ಇಡುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಂ ಅಂದಿತ್ತು. ನಮ್ಮೂರಿನ ಹತ್ತುಮೀನು! ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುವ ಮೀನು, ರಾತ್ರಿ ಟಾರ್ಚ್ ಹಿಡಿದು ಕೂಳಿ ಇಟ್ಟು ಕಾಯುವ ಅಪ್ಪಯ್ಯ, ಚಿಕ್ಕಪ್ಪಂದಿರು. ಅಲ್ಲಿ ಮಳೆ, ಇಲ್ಲಿ ಕರಗಿದ ಹಿಮ, ಮೀನಿಗೆ ಬೇಕಾದದ್ದು ಹೊಸನೀರು ಮುಳುಗಿಸಿದ ಹುಲ್ಲು ಅಷ್ಟೆ.

ಅಹ್ವೆನ್ ಮೇ ತಿಂಗಳಲ್ಲಿ, ನೀರು ಏಳೆಂಟು ಡಿಗ್ರಿಗೆ ಬಂದಾಗ, ಮುಳುಗಿದ ಕೊಂಬೆಗಳಿಗೆ ಬಿಳಿ ಲೇಸಿನ ಪಟ್ಟಿಯ ಹಾಗೆ ಮೊಟ್ಟೆ ಸುತ್ತುತ್ತದೆ. ಒಂದು ಪಟ್ಟಿಯಲ್ಲಿ ಸಾವಿರಾರು ಮೊಟ್ಟೆ. ಆ ಲೇಸನ್ನು ಬೇರೆ ಮೀನುಗಳು ತಿನ್ನುವುದೂ ಕಡಿಮೆ. ಬೇಸಿಗೆ ಬೆಚ್ಚಗಿದ್ದ ವರ್ಷ ಮರಿಗಳು ಹಿಂಡುಗಟ್ಟಲೆ ಉಳಿದುಬಿಡುತ್ತವೆ.

ಇಲ್ಲೇ ಇರುವುದು ಕಥೆ. ಅಹ್ವೆನ್ ಹುಟ್ಟಿದಾಗ ನೀರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿನ್ನುತ್ತದೆ. ಸ್ವಲ್ಪ ಬೆಳೆದ ಮೇಲೆ ತಳದ ಹುಳು ಹುಪ್ಪಟೆ. ಇನ್ನೂ ಬೆಳೆದರೆ ಬೇರೆ ಮೀನು, ಅಂದರೆ ಹೆಚ್ಚಾಗಿ ತನ್ನದೇ ಜಾತಿಯ ಮರಿ. ಮೂರು ತರಗತಿ ಅನ್ನಿ. ಒಂದನೇ ತರಗತಿಯಲ್ಲಿ ಊಟಕ್ಕೆ ಕೊರತೆ ಇಲ್ಲ. ಎರಡನೆಯದರಲ್ಲಿ ಎಲ್ಲರೂ ಗಂಟು ಬೀಳುತ್ತಾರೆ, ಯಾಕೆಂದರೆ ಈ ಕೆರೆಯ ತಳದ ಮುಕ್ಕಾಲು ಭಾಗದಲ್ಲಿ ಉಸಿರೇ ಇಲ್ಲ, ಹುಳು ಇರುವುದು ದಡದ ಸುತ್ತ ಒಂದು ಸಣ್ಣ ಪಟ್ಟಿಯಲ್ಲಿ. ಅಲ್ಲಿಗೆ ಸಾವಿರಾರು ಬಾಯಿ. ಹೊಟ್ಟೆಗೆ ಸಿಕ್ಕಿದ್ದು ಜೀವ ಹಿಡಿಯಲು ಸಾಕು, ಮೈ ಬೆಳೆಯಲು ಸಾಲದು. ಮೂರನೇ ತರಗತಿಗೆ ಹೋಗಬೇಕಾದರೆ ಬಾಯಿ ದೊಡ್ಡದಾಗಬೇಕು, ಬಾಯಿ ದೊಡ್ಡದಾಗಬೇಕಾದರೆ ತಿನ್ನಬೇಕು, ತಿನ್ನಲು ಇಲ್ಲ. ಹಾಗೇ ಹದಿಮೂರು ಸೆಂಟಿಮೀಟರಿನಲ್ಲಿ ನಿಂತು ಮದುವೆ ಮಕ್ಕಳು ಎಲ್ಲ ಮುಗಿಸಿ ಮುದಿಯಾಗುತ್ತವೆ. ಊಟ ಇರುವ ದೊಡ್ಡ ಕೆರೆಯಲ್ಲಿ ಇದೇ ವಯಸ್ಸಿನ ಅಹ್ವೆನ್ ಇಪ್ಪತ್ತೈದು ಸೆಂಟಿಮೀಟರ್ ದಾಟಿರುತ್ತದೆ.

ಯಾವುದೋ ಒಂದು, ಲಕ್ಷಕ್ಕೊಂದು ಅನ್ನಿ, ಹೇಗೋ ದಾಟಿಬಿಡುತ್ತದೆ. ಅದೃಷ್ಟವೋ, ಒಂದು ಒಳ್ಳೆಯ ಬೇಸಿಗೆಯೋ. ದಾಟಿದ ಮೇಲೆ ಅದಕ್ಕೆ ಸುತ್ತಲೂ ಊಟವೇ ಊಟ, ಅಣ್ಣತಮ್ಮಂದಿರ ಮಕ್ಕಳು. ಎರಡು ಮೂರು ವರ್ಷಕ್ಕೆ ಬೆನ್ನು ಗೂನಾಗಿ ಉಬ್ಬುವಷ್ಟು ಬೆಳೆಯುತ್ತದೆ. ಇಲ್ಲಿನವರು ಅದಕ್ಕೆ ‘ಕ್ಯುರ್ಮ್ಯುನಿಸ್ಕಾ’ ಅನ್ನುತ್ತಾರೆ, ಗೂನುಗತ್ತಿನವನು ಅಂತ. ಎಲ್ಲರ ಕನಸಿನ ಮೀನು ಅದೇ. ಸಿಕ್ಕ ಕೂಡಲೇ ಫೋಟೋ, ಆಮೇಲೆ ಬಾಣಲೆ. ಅದನ್ನು ತಿಂದರೆ ಮರಿಗಳನ್ನು ಕಡಿಮೆ ಮಾಡುತ್ತಿದ್ದವನನ್ನೇ ತೆಗೆದಂತಾಯಿತಲ್ಲ? ಸಣ್ಣವನ್ನು ಕನಿಕರದಿಂದ ಬಿಟ್ಟು ದೊಡ್ಡದನ್ನು ಮನೆಗೆ ಒಯ್ಯುವ ನನ್ನಂಥವರು ಕೆರೆಯನ್ನು ಇನ್ನಷ್ಟು ಕುಳ್ಳಾಗಿಸುತ್ತಿದ್ದೇವೆ. ಅಜ್ಜ ಬಕೆಟ್ಟಿಗೆ ಹಾಕುತ್ತಿದ್ದದ್ದು ಇದಕ್ಕೇ. ಅವರು ಈ ಕೆರೆಯಿಂದ ಇಪ್ಪತ್ತೈದು ಸೆಂಟಿಮೀಟರ್ ದಾಟಿದ ಅಹ್ವೆನ್ ಮನೆಗೆ ತಂದೇ ಇಲ್ಲವಂತೆ. ಹೌಕಿಯನ್ನಂತೂ ಮುಟ್ಟುವುದೇ ಇಲ್ಲ, ಅದು ಈ ಕೆರೆಯ ಸಂಬಳವಿಲ್ಲದ ಕೂಲಿ ಅನ್ನುತ್ತಾರೆ.

ಅಪ್ಪಯ್ಯನಿಗೆ ಇದನ್ನು ಎರಡನೇ ಸಲ ವಿವರಿಸುವಾಗ ಅರ್ಧಕ್ಕೇ ತಡೆದರು. “ಹಂಗಾದ್ರೆ ಅದು ಜಿಲೇಬಿ ಕಥೆ ಅಲ್ವನಾ!” ನನಗೆ ಹೊಳೆದೇ ಇರಲಿಲ್ಲ. ಜಿಲೇಬಿ, ಅಂದರೆ ತಿಲಾಪಿಯಾ. ಆಫ್ರಿಕಾದ ಮೂಲದ್ದು, ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಬೇಗ ಬೆಳೆಯುತ್ತದೆ, ಬಡವರ ಪ್ರೋಟೀನು ಅಂತ ತಂದರು. ಬೇಗ ಬೆಳೆಯುವುದಕ್ಕಿಂತ ಬೇಗ ಮರಿ ಹಾಕಿತು. ತಾಯಿ ಬಾಯಿಯೊಳಗೇ ಮೊಟ್ಟೆ ಇಟ್ಟುಕೊಂಡು ಕಾಯುವುದರಿಂದ ಮರಿ ಸಾಯುವುದೂ ಕಡಿಮೆ. ಕೆರೆ ತುಂಬಾ ಮೂರು ಬೆರಳಗಲದ ಮೀನು, ಹಿಡಿದಷ್ಟೂ ಮುಗಿಯದು, ಒಂದೂ ದೊಡ್ಡದಾಗದು. ನಮ್ಮೂರಿನ ಕೆಳಗಿನ ಕೆರೆಯಲ್ಲಿ ನಾವು ಹುಡುಗರು ಎರೆಹುಳು ಸಿಕ್ಕಿಸಿ ಹಿಡಿದು ಹಿಡಿದು ಬೇಜಾರಾಗಿ ನಾಯಿಗೆ ಹಾಕುತ್ತಿದ್ದೆವು. ಆರು ಸಾವಿರ ಕಿಲೋಮೀಟರಿಗಿಂತ ದೂರ ಬಂದು ಅದೇ ಪಾಠ ಕಲಿಯಬೇಕಾಯಿತು ನೋಡಿ.

ಸಾವಿರಾರು ಮೀನು ಅಂದೆ, ಎಣಿಸಿದವರು ಯಾರು ಅಂತ ನೀವು ಕೇಳಬಹುದು. ಸರ್ಕಾರದ ಮೀನು ಸಮೀಕ್ಷೆಗೆ ಇಲ್ಲಿ ಒಂದು ಬಲೆ ಇದೆ, ‘ನಾರ್ಡಿಕ್’ ಬಲೆ ಅಂತಲೇ ಹೆಸರು. ಮೂವತ್ತು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, ಆದರೆ ಒಂದೇ ಬಲೆಯಲ್ಲಿ ಹನ್ನೆರಡು ಅಳತೆಯ ಕಣ್ಣು, 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ. ಮರಿಯೂ ಸಿಗಲಿ, ಮುದುಕನೂ ಸಿಗಲಿ ಅಂತ. ಅದರಿಂದ ಯಾವ ಗಾತ್ರದವು ಎಷ್ಟು ಪಾಲು ಅಂತ ಗೊತ್ತಾಗುತ್ತದೆ, ಒಟ್ಟು ಲೆಕ್ಕ ಸಿಗುವುದಿಲ್ಲ. ಒಟ್ಟು ಲೆಕ್ಕಕ್ಕೆ ಇನ್ನೊಂದು ಉಪಾಯ. ನೂರು ಮೀನು ಹಿಡಿದು, ರೆಕ್ಕೆಯ ತುದಿ ಚೂರು ಕತ್ತರಿಸಿ ಬಿಡಿ. ಎರಡು ವಾರ ಬಿಟ್ಟು ಮತ್ತೆ ನೂರು ಹಿಡಿಯಿರಿ. ಅದರಲ್ಲಿ ಹತ್ತು ಗುರುತಿನವು ಸಿಕ್ಕರೆ, ಕೆರೆಯಲ್ಲಿ ಸುಮಾರು ಒಂದು ಸಾವಿರ. ಹೈಸ್ಕೂಲಿನ ತ್ರೈರಾಶಿ. ನಾನೂ ಅಜ್ಜನೂ ಒಂದು ಸಲ ತಮಾಷೆಗೆ ಪ್ರಯತ್ನಿಸಿದೆವು. ಅರವತ್ತು ಗುರುತು ಮಾಡಿ ಬಿಟ್ಟೆವು, ಆಮೇಲೆ ಹಿಡಿದ ಎಂಬತ್ತರಲ್ಲಿ ಗುರುತಿನದ್ದು ಒಂದೇ ಒಂದು. ಒಂದನ್ನು ನಂಬಿ ಲೆಕ್ಕ ಕಟ್ಟಲಾಗದು, ಆದರೆ ಮೀನು ಕಡಿಮೆ ಇಲ್ಲ ಅನ್ನುವುದಕ್ಕೆ ಅಷ್ಟು ಸಾಕಿತ್ತು.

ತುಂಬಾ ಮೀನು ತೆಗೆದರೆ ಉಳಿದವು ನಿಜಕ್ಕೂ ದೊಡ್ಡದಾಗುತ್ತವಾ? ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಇದು ಯುದ್ಧದ ನೆಪದಲ್ಲಿ ಆಗಿಹೋಯಿತು. 1941ರಲ್ಲಿ ಊಟಕ್ಕೆ ತತ್ವಾರ ಇತ್ತು, ಕೆರೆ ತುಂಬಾ ಇದೇ ಪಟ್ಟೆ ಮೀನು ಸಣ್ಣಸಣ್ಣದು ಇತ್ತು. ಬೋನುಗಳಿಟ್ಟು ರಾಶಿ ರಾಶಿ ಹಿಡಿದು, ಟೊಮೆಟೊ ಸಾಸ್ ಹಾಕಿ ಡಬ್ಬಿಗೆ ತುಂಬಿ ‘ಪರ್ಚೀನ್ಸ್’ ಅಂತ ಮಾರಿದರು. ಸಾರ್ಡೀನ್ಸ್ ಇದ್ದ ಹಾಗೆ ಪರ್ಚೀನ್ಸ್. ರುಚಿ ಹೇಗಿತ್ತೋ! ಆದರೆ ಮೀನು ಕಡಿಮೆಯಾಯಿತು, ಉಳಿದವು ಮೊದಲಿಗಿಂತ ಚೆನ್ನಾಗಿ ಬೆಳೆದವು, ವಿಜ್ಞಾನಿಗಳಿಗೆ ದಶಕಗಟ್ಟಲೆ ಕೆಲಸ ಸಿಕ್ಕಿತು.

ಯಾರೂ ಹಿಡಿಯದಿದ್ದರೂ ಕೆಲವೊಮ್ಮೆ ತಾನಾಗಿ ತಿರುಗಿಬಿಡುತ್ತದೆ. ಸ್ವೀಡನ್ನಿನ ಕಾಡೊಳಗಿನ ಒಂದು ಪುಟ್ಟ ಕೆರೆಯ ಬಗ್ಗೆ 2003ರಲ್ಲಿ ಒಂದು ಸಂಶೋಧನೆ ಬಂತು. ಕೆರೆಯ ಹೆಸರೇ ‘ಅಹ್ವೆನ್ ಹೊಂಡ’ ಅನ್ನುವ ಅರ್ಥದ್ದು, ಅಬ್ಬೊರ್‌ಚೆರ್ನ್. ಅಲ್ಲಿ ವರ್ಷಗಟ್ಟಲೆ ಕುಳ್ಳರ ರಾಜ್ಯ. ಒಂದು ಹಂತದಲ್ಲಿ ದೊಡ್ಡವರಲ್ಲಿ ಹೆಚ್ಚಿನವರು ಸತ್ತರು. ಉಳಿದ ಕೆಲವೇ ಕೆಲವು, ಆ ವರ್ಷ ಹುಟ್ಟಿದ ಮರಿಗಳ ಮೇಲೆ ಬಿದ್ದು ದೈತ್ಯರಾದವು. ಅವು ಇರುವಷ್ಟು ಕಾಲ ಮರಿಗಳ ಹಾವಳಿ ಇಲ್ಲ, ಮರಿಗಳಿಗೆ ಊಟವಾಗುತ್ತಿದ್ದ ಸೂಕ್ಷ್ಮ ಜೀವಿಗಳು ಹೆಚ್ಚಾದವು, ಅವು ತಿಂದು ತಿಂದು ನೀರಿನ ಪಾಚಿಯೂ ಕಡಿಮೆಯಾಯಿತು. ನಾಲ್ಕಾರು ಗೂನುಗತ್ತಿನವರು ಸೇರಿ ಇಡೀ ಕೆರೆಯ ಬಣ್ಣ ಬದಲಿಸಿದರು. ನಾನು ಇದನ್ನು ಓದಿದ ದಿನ ಆಫೀಸ್ ಕೆಲಸ ಮಾಡಲಿಲ್ಲ.

ಇನ್ನು ಮೂರನೆಯವನೊಬ್ಬ. ನಮ್ಮ ಲಂಪಿಯಿಂದ ಒಂದು ಕಿಲೋಮೀಟರ್ ಆಚೆ ಇನ್ನೂ ಚಿಕ್ಕ, ಆಳವೇ ಇಲ್ಲದ ಒಂದು ಹೊಂಡ ಇದೆ. ಅಲ್ಲಿ ಅಹ್ವೆನ್ ಇಲ್ಲ, ಹೌಕಿ ಇಲ್ಲ, ಬರೀ ‘ರೂತಾನಾ’. ಬಂಗಾರದ ಬಣ್ಣದ ದುಂಡು ಮೀನು, ನಮ್ಮ ಕೆರೆಗಳ ಗೆಂಡೆಯ ದೂರದ ನೆಂಟ. ಯಾಕೆ ಬರೀ ಅದು? ಚಳಿಗಾಲದಿಂದಾಗಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮುಚ್ಚಳ ಹಾಕಿದ ಪಾತ್ರೆ ಇದು. ಮಂಜುಗಡ್ಡೆಯ ಮೇಲೆ ಹಿಮ ಬಿದ್ದರೆ ಬೆಳಕೂ ಇಲ್ಲ, ಪಾಚಿ ಉಸಿರು ಕೊಡುವುದೂ ಇಲ್ಲ. ಫೆಬ್ರವರಿ ಮಾರ್ಚ್ ಹೊತ್ತಿಗೆ ನೀರಲ್ಲಿ ಆಮ್ಲಜನಕ ಪೂರ್ತಿ ಮುಗಿಯುತ್ತದೆ. ಬೇರೆ ಮೀನೆಲ್ಲ ಸಾಯುತ್ತವೆ. ರೂತಾನಾ ಶರತ್ಕಾಲದಲ್ಲೇ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ತುಂಬಿಕೊಂಡಿರುತ್ತದೆ. ಉಸಿರಿಲ್ಲದಾಗ ಅದನ್ನು ಸುಡುತ್ತದೆ, ಸುಟ್ಟು ಉಳಿಯುವ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತದೆ. ತಿಂಗಳುಗಟ್ಟಲೆ! 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅದರ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ದಾಟಿದ ಆಲ್ಕೋಹಾಲ್ ಇರುತ್ತದೆ. ಆ ಸ್ಥಿತಿಯಲ್ಲಿ ಕಾರು ಓಡಿಸಿದರೆ ಇಲ್ಲಿನ ಪೊಲೀಸರು ಹಿಡಿಯುತ್ತಾರೆ.

ಇದನ್ನೂ ಅಪ್ಪಯ್ಯನಿಗೆ ಹೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕೆಳಗಿನ ಕೆರೆ ಬತ್ತಿ ಕೆಸರಾದಾಗ ಕಾಟ್ಲಾ ರೋಹು ಎಲ್ಲ ಹೋದರೂ, ಕೊರವ ಅನ್ನುವ ಮೀನು ಮಾತ್ರ ಹಸಿ ಕೆಸರಿನೊಳಗೆ ಬಾಯಲ್ಲಿ ಗಾಳಿ ಎಳೆದುಕೊಂಡು ಬದುಕಿರುತ್ತದೆ. ಅಲ್ಲಿ ಬೇಸಿಗೆ ಪರೀಕ್ಷೆ ಮಾಡುತ್ತದೆ, ಇಲ್ಲಿ ಚಳಿಗಾಲ. ಅಲ್ಲಿ ಪಾಸಾದವನು ಕೊರವ, ಇಲ್ಲಿ ರೂತಾನಾ.

ರೂತಾನಾದ ಇನ್ನೊಂದು ವಿಚಿತ್ರ ಹೇಳದೆ ಮುಂದೆ ಹೋಗಲಾರೆ. ಹೊಂಡದಲ್ಲಿ ಅದೊಂದೇ ಇದ್ದರೆ ಮತ್ತದೇ ಕಥೆ, ಲೆಕ್ಕವಿಲ್ಲದಷ್ಟು, ಸಪೂರ, ಸಣ್ಣ. ಅಲ್ಲಿಗೆ ಹೌಕಿ ಬಂದರೆ ರೂತಾನಾದ ಮೈ ಆಕಾರವೇ ಬದಲಾಗುತ್ತದೆ, ಬೆನ್ನು ಎತ್ತರವಾಗಿ ತಟ್ಟೆಯ ಹಾಗಾಗುತ್ತದೆ, ಹೌಕಿಯ ಬಾಯಿಗೆ ಹಿಡಿಯದ ಹಾಗೆ. ಸ್ವೀಡನ್ನಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿ 1992ರಲ್ಲಿ ಪ್ರಕಟಿಸಿದರು. ತಲೆಮಾರುಗಳು ಬೇಕಿಲ್ಲ, ಅದೇ ಮೀನು, ಅದರ ಜೀವಿತಾವಧಿಯಲ್ಲೇ.

ಈಗ ಆ ಕಂದು ಬಣ್ಣದ ವಿಚಾರ. 1970-80ರ ಹೊತ್ತಿಗೆ ಯುರೋಪಿನ ಕಾರ್ಖಾನೆಗಳ ಗಂಧಕದ ಹೊಗೆ ಹುಳಿ ಮಳೆಯಾಗಿ, ಅಂದರೆ ಆಮ್ಲಮಳೆಯಾಗಿ, ಈ ಕಾಡುಕೆರೆಗಳಿಗೆ ಬಿತ್ತು. ಕಲ್ಲು ಬಂಡೆಯ ನೆಲ, ಹುಳಿಯನ್ನು ತಡೆದುಕೊಳ್ಳುವ ಸುಣ್ಣದ ಅಂಶ ಇಲ್ಲ. ‘ಸ್ಯಾರ್ಕಿ’ ಅನ್ನುವ ಬೆಳ್ಳಿ ಮೀನು ಮೊದಲು ಸೋತಿತು, ನೀರಿನ ಪಿಎಚ್ (ಅದು ಇಳಿದಷ್ಟೂ ಹುಳಿ ಜಾಸ್ತಿ) ಐದೂವರೆಗಿಂತ ಕೆಳಗಿಳಿದರೆ ಅದರ ಮೊಟ್ಟೆ ಮರಿ ಉಳಿಯುವುದಿಲ್ಲ. ಅಹ್ವೆನ್ ಇನ್ನೂ ಹುಳಿ ತಡೆದುಕೊಂಡಿತು. ಅಜ್ಜ ಹುಡುಗರಾಗಿದ್ದಾಗ ನಮ್ಮ ಲಂಪಿಯಲ್ಲಿ ಸ್ಯಾರ್ಕಿ ಇತ್ತಂತೆ, ಈಗ ಇಲ್ಲ. ಇದಕ್ಕೇ ಕಾರಣ ಅಂತ ಅವರು ಖಡಾಖಂಡಿತವಾಗಿ ಹೇಳುತ್ತಾರೆ. 1985ರಲ್ಲಿ ಹೆಲ್ಸಿಂಕಿಯಲ್ಲೇ ದೇಶಗಳು ಕೂತು ಗಂಧಕದ ಹೊಗೆಯನ್ನು ಶೇಕಡಾ 30 ಕಡಿಮೆ ಮಾಡುತ್ತೇವೆ ಅಂತ ಒಪ್ಪಂದ ಮಾಡಿಕೊಂಡವು, ಮಾಡಿದವು ಕೂಡ. ಮಳೆಯ ಹುಳಿ ಇಳಿಯಿತು. ಆದರೆ ಹುಳಿ ಇಳಿದ ಮಣ್ಣಿನಿಂದ ಕಂದು ಸಾರ ಮೊದಲಿಗಿಂತ ಸುಲಭವಾಗಿ ಕರಗಿ ಬರತೊಡಗಿತು. ಅದರ ಜೊತೆಗೆ ಕಾಡಿನ ಮರ ಚೆನ್ನಾಗಿ ಬೆಳೆಯಲಿ ಅಂತ ಜೌಗು ನೆಲಕ್ಕೆ ಚರಂಡಿ ತೋಡಿ ನೀರು ಬಸಿದದ್ದು, ಅದೂ ಸುಮಾರು 50 ಲಕ್ಷ ಹೆಕ್ಟೇರ್. ಕರ್ನಾಟಕದ ಕಾಲು ಭಾಗ ಅಂದುಕೊಳ್ಳಿ. ಚಳಿಗಾಲದಲ್ಲಿ ಹಿಮದ ಬದಲು ಮಳೆಯೂ ಜಾಸ್ತಿಯಾಗಿದೆ. ಎಲ್ಲ ಸೇರಿ ಕೆರೆಗಳು ಕಪ್ಪಾಗುತ್ತಿವೆ. ಅಹ್ವೆನ್ ಕಣ್ಣಿಂದ ನೋಡಿ ಬೇಟೆಯಾಡುವ ಮೀನು. ಕತ್ತಲಾದರೆ ಅದಕ್ಕೆ ಊಟ ಇನ್ನೂ ಕಷ್ಟ. ಹಾಗಾಗಿ ನಾವು ಎಷ್ಟು ಬಕೆಟ್ ತೆಗೆದರೂ ಇದೊಂದು ಕಡೆ ನಮ್ಮ ಕೈ ಮೀರಿದ್ದು.

ಸರಿ, ಗಾಳ ಹಾಕಲು ಬರುವವರಿಗೆ ಇಲ್ಲೇನಿದೆ? ಫಿನ್ಲೆಂಡ್‌ಗೆ ಬಂದ ನಮ್ಮ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ ಲೈಸೆನ್ಸ್ ಬೇಕಾ ಅಂತ. ರೀಲ್ ಇಲ್ಲದ ಬರೀ ಕೋಲು, ದಾರ, ಬೆಂಡು, ಎರೆಹುಳು ಆದರೆ ಏನೂ ಬೇಡ, ಯಾರು ಬೇಕಾದರೂ ಹಾಕಬಹುದು. ಮಂಜುಗಡ್ಡೆಯ ತೂತಿನ ‘ಪಿಲ್ಕಿ’ ಗಾಳಕ್ಕೂ ಬೇಡ. ಕೆರೆ ಖಾಸಗಿಯದ್ದಾದರೂ ಸಾಮಾನ್ಯವಾಗಿ ಈ ಹಕ್ಕು ಇರುತ್ತದೆ. ಸಾಲ್ಮನ್ ಓಡಾಡುವ ಹರಿವು, ಕೆಲವು ರಕ್ಷಿತ ಜಾಗ ಬಿಟ್ಟು. ರೀಲ್ ಹಿಡಿದು ಹೊಳೆಯುವ ನಕಲಿ ಮೀನು ಎಸೆಯುವವರು 18ರಿಂದ 69 ವಯಸ್ಸಿನ ಒಳಗಿದ್ದರೆ ಸರ್ಕಾರಕ್ಕೆ ಮೀನುಗಾರಿಕೆ ಶುಲ್ಕ ಕಟ್ಟಬೇಕು. ಬಲೆಗೆ, ತಂತಿಯ ಕೂಳಿಗೆ ಕೆರೆಯ ಒಡೆಯರ ಒಪ್ಪಿಗೆಯೂ ಬೇಕು.

ಹೊತ್ತು? ಮಾರ್ಚ್ ಕೊನೆ, ಬಿಸಿಲು ಏರಿ ಮಂಜುಗಡ್ಡೆಯ ಅಂಚು ಕರಗಿ ಉಸಿರಾಡುವ ನೀರು ಒಳಗೆ ಸೇರುವಾಗ ಮೀನು ಚುರುಕು. ಟಂಗ್‌ಸ್ಟನ್ ಲೋಹದ, ಕಾಳಿನಷ್ಟು ಸಣ್ಣ ‘ಮೊರ್ಮುಸ್ಕಾ’, ಅಂದರೆ ಕೊಕ್ಕೆ ಕೂರಿಸಿದ ಗುಂಡು, ಅದಕ್ಕೆ ಕೆಂಪು ಬಣ್ಣ ಕೊಟ್ಟ ನೊಣದ ಹುಳು. ಒಂದು ತೂತಿನಲ್ಲಿ ಹತ್ತು ನಿಮಿಷಕ್ಕೆ ಮೀನು ಬರದಿದ್ದರೆ ಎದ್ದು ಇನ್ನೊಂದು ಕೊರೆಯಿರಿ, ಸೋಮಾರಿಗಳ ಆಟ ಅಲ್ಲ ಇದು. ಆದರೆ ಅದೇ ಹೊತ್ತಲ್ಲಿ ಮಂಜುಗಡ್ಡೆ ನಂಬಿಕೆಗೆ ಅರ್ಹವಲ್ಲದ್ದಾಗುತ್ತದೆ. ಬೆಳಿಗ್ಗೆ ಗಟ್ಟಿ ಇದ್ದದ್ದು ಮಧ್ಯಾಹ್ನಕ್ಕೆ ಬೆಂಡು. ಕುತ್ತಿಗೆಗೆ ಎರಡು ಮೊಳೆಯ ಹಿಡಿಗಳನ್ನು ತಾಳಿಯ ಹಾಗೆ ಕಟ್ಟಿಕೊಳ್ಳದೆ ಇಲ್ಲಿ ಯಾರೂ ಇಳಿಯುವುದಿಲ್ಲ. ಬಿದ್ದರೆ ಅದನ್ನು ಮಂಜುಗಡ್ಡೆಗೆ ಚುಚ್ಚಿ ಮೇಲೆ ಬರಬೇಕು. ಹೆಂಡತಿ ಅದನ್ನು ನೋಡದೆ ನನ್ನನ್ನು ಬಾಗಿಲು ದಾಟಲು ಬಿಡುವುದಿಲ್ಲ.

ತಿನ್ನುವ ವಿಚಾರದಲ್ಲೂ ಸಣ್ಣವೇ ವಾಸಿ. ಇಂಥ ಕಂದು ನೀರಿನ ಕೆರೆಗಳಲ್ಲಿ ಪಾದರಸ ಮೀನಿನ ಮೈಸೇರುತ್ತದೆ, ದೊಡ್ಡ ಬೇಟೆಗಾರ ಮೀನಿನಲ್ಲಿ ಅದು ಕೂಡುತ್ತಾ ಹೋಗುತ್ತದೆ. ಮಕ್ಕಳು, ಹೆರುವ ವಯಸ್ಸಿನವರು ಹೌಕಿಯನ್ನು ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ತಿನ್ನಬೇಡಿ, ಬಸುರಿ ಬಾಣಂತಿಯರು ತಿನ್ನಲೇಬೇಡಿ ಅಂತ ಇಲ್ಲಿನ ಆಹಾರ ಇಲಾಖೆಯೇ ಹೇಳುತ್ತದೆ. ಸಣ್ಣ ಅಹ್ವೆನ್‌ಗಳನ್ನು ಪೂರ್ವದ ಸಾವೊ ಸೀಮೆಯವರು ರೈ ಹಿಟ್ಟಿನ ದಪ್ಪ ರೊಟ್ಟಿಯೊಳಗೆ ಹಂದಿಮಾಂಸದ ಜೊತೆ ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ, ‘ಕಲಾಕುಕ್ಕೊ’ ಅಂತ. ಮುಳ್ಳು ಕರಗಿ ಬೆಣ್ಣೆಯಾಗುತ್ತದೆ. ನಮ್ಮ ಮನೆಯಲ್ಲಿ ತಲೆ ತೆಗೆದು, ಚರ್ಮವನ್ನು ಕಾಲುಚೀಲದ ಹಾಗೆ ಎಳೆದು, ಖಾರದಪುಡಿ ಹುಳಿ ಹಚ್ಚಿ ಚಿರೋಟಿ ರವೆಯಲ್ಲಿ ಹೊರಳಿಸಿ ಕರಿಯುತ್ತೇವೆ. ಅಜ್ಜನಿಗೆ ಒಂದು ತಟ್ಟೆ ಕಳಿಸಿದ್ದಕ್ಕೆ ನೀರು ಕುಡಿದು ಕುಡಿದು ಇನ್ನೊಂದು ತಟ್ಟೆ ಕೇಳಿದರು.

ಕಳೆದ ಮೇ ತಿಂಗಳಲ್ಲಿ ಅವರು ಕೆರೆಯ ಪಾಲುದಾರರಿಂದ ಒಪ್ಪಿಗೆ ತಗೊಂಡು ಮೂರು ಕೂಳಿ ಇಟ್ಟರು. ಇಲ್ಲಿ ಅದಕ್ಕೆ ‘ಕತಿಸ್ಕಾ’ ಅನ್ನುತ್ತಾರೆ, ಬಿದಿರಿನ ಬದಲು ತಂತಿ, ಉಳಿದದ್ದೆಲ್ಲ ನಮ್ಮದೇ. ಒಳಗೆ ಹೋಗಲು ದಾರಿ, ಬರಲು ಇಲ್ಲ. ಎರಡು ವಾರ, ದಿನಾ ಸಂಜೆ ನಾನೂ ಮಗಳೂ ಹೋಗಿ ಎಣಿಸಿ ನೋಟ್‌ಬುಕ್ಕಿಗೆ ಬರೆದೆವು. 1,140. ಗೂನುಗತ್ತಿನವನು ಒಬ್ಬನೂ ಇಲ್ಲ. ಒಂದು ಹೌಕಿ ಸಿಕ್ಕಿತು, ಬಿಟ್ಟೆವು. ಮೂರು ಹೆಕ್ಟೇರ್ ನೀರಿಗೆ ಇದು ಸಾಕಾ ಅಂತ ಕೇಳಿದೆ. ಸಾಲದು ಅಂದರು. ಇನ್ನೂ ಎರಡು ವಸಂತ ಹೀಗೇ ತೆಗೆಯಬೇಕು, ನಡುವೆ ನಿಲ್ಲಿಸಿದರೆ ಉಳಿದವು ಮರಿ ಹಾಕಿ ಮತ್ತೆ ಮೊದಲಿಗೇ ಬರುತ್ತದೆ.

ಈ ಮಾರ್ಚಿನಲ್ಲಿ ಮತ್ತೆ ಹೋಗಿದ್ದೆ. ಒಂದು ಗಂಟೆಯಲ್ಲಿ ಹದಿನಾಲ್ಕು. ಹದಿಮೂರು ಹಳೆಯ ಅಳತೆಯವೇ. ಒಂದು ಹದಿನೇಳು ಸೆಂಟಿಮೀಟರ್ ಇತ್ತು. ಬಿಡಲೋ ತಿನ್ನಲೋ ಗೊತ್ತಾಗದೆ ಒಂದು ನಿಮಿಷ ಕೈಯಲ್ಲೇ ಹಿಡಿದುಕೊಂಡಿದ್ದೆ. ಮೂಳೆ ಬಿಡಿಸಿ ನೋಡಿದರೆ ಈಚಿನ ಉಂಗುರ ಅಗಲವಾಗಿದೆಯಾ ಅಂತ ತಿಳಿಯುತ್ತಿತ್ತು. ತಿಳಿಯಬೇಕಾದರೆ ಅದನ್ನು ಕೊಲ್ಲಬೇಕು. ಅಜ್ಜ ಆ ಕಡೆ ತಿರುಗಿ ಕೂತಿದ್ದರು, ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ತೂತಿನೊಳಗೆ ಬಿಟ್ಟೆ. ಬಾಲ ಒಮ್ಮೆ ಬಡಿದು ಡಿಕಾಕ್ಷನ್ನಿನೊಳಗೆ ಇಳಿದು ಹೋಯಿತು. ಮಿಕ್ಕ ಹದಿಮೂರು ರವೆಗೆ ಹೋದವು.